ಮಾಲೆ ತೆಗೆದ ಮೇಲೆ ಜೊತೆಗೆ ಯಾರಿರ್ತಾರೆ, ಮೇಷ್ಟ್ರೇ?

ಪ್ರಶ್ನೆ: ನನಗೆ 44 ವರ್ಷ. ತಾಲ್ಲೂಕು ಕೇಂದ್ರವೊಂದರಲ್ಲಿ ಹೈಸ್ಕೂಲ್ ಮೇಷ್ಟ್ರು. ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತೇನೆ. ಆ 41 ದಿನ ಒಂದು ಹನಿಯೂ ಮುಟ್ಟುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ವಾರದಲ್ಲೇ ಮತ್ತೆ ಶುರು. ಮೊದಲೆಲ್ಲ ಸಂಜೆ ಮಾತ್ರ ಇತ್ತು. ಈಗ ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ, ಒಂದು ನೈಂಟಿ ಹಾಕಿಕೊಂಡೇ ಶಾಲೆಗೆ ಹೋಗುವಂತಾಗಿದೆ. ಗೆಳೆಯನೊಬ್ಬ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್‌ಗೆ ಹೋಗು ಅನ್ನುತ್ತಿದ್ದಾನೆ. ನಮ್ಮೂರಲ್ಲಿ ಅದು ಚರ್ಚ್ ಪಕ್ಕದ ಕೋಣೆಯಲ್ಲಿ ನಡೆಯುತ್ತದೆ. ಮಕ್ಕಳ ಅಪ್ಪ-ಅಮ್ಮ ಯಾರಾದರೂ ನೋಡಿದರೆ? 41 ದಿನ ಬಿಡಬಲ್ಲವನಿಗೆ ಇದೆಲ್ಲ ಬೇಕಾ? ಇದರ ಮಧ್ಯೆ ಹೆಂಡತಿ ಕುಡಿತ ಬಿಡಿಸುತ್ತದೆಂದು ಯಾವುದೋ ಪುಡಿ ತರಿಸಿ ನನಗೆ ಗೊತ್ತಿಲ್ಲದಂತೆ ಸಾರಿಗೆ ಬೆರೆಸಿದ್ದಳು. ತಿಳಿದು ದೊಡ್ಡ ಜಗಳವಾಗಿದೆ.

ಉತ್ತರ: ಮೇಷ್ಟ್ರೇ, ಮೀಟಿಂಗ್ ವಿಷಯ ಆಮೇಲೆ. ಮೊದಲು ಆ ನಡುಕ.

ಕುಡಿದರೆ ಮಾತ್ರ ಕೈ ನಿಲ್ಲುತ್ತದೆ ಅಂದರೆ ಮೈ ಅದಕ್ಕೆ ಒಗ್ಗಿಹೋಗಿದೆ. ಈ ಪತ್ರಿಕೆ ಮಡಚಿಟ್ಟು 'ಇವತ್ತಿಂದ ಬಿಟ್ಟೆ' ಅಂತ ಹಠ ಹಿಡಿಯಬೇಡಿ. ಹಾಗೆ ಒಂದೇ ಸಲ ನಿಲ್ಲಿಸಿದವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಬಹುದು. ಜೀವಕ್ಕೇ ಅಪಾಯ. ಹಿಂದಿನ ವರ್ಷಗಳಲ್ಲಿ ಏನೂ ಆಗಲಿಲ್ಲ ಎಂಬುದು ಈ ವರ್ಷಕ್ಕೆ ಗ್ಯಾರಂಟಿ ಅಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ, ಎಷ್ಟು ಕುಡಿಯುತ್ತೀರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಮದ್ಯ ಬಿಡುವ ದಿನಗಳನ್ನು ದಾಟಿಸಲು ಮಾತ್ರೆಗಳಿವೆ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆ 41 ದಿನ. ನಿಜ, ಬಿಟ್ಟಿದ್ದೀರಿ. ಆದರೆ ಆ ದಿನಗಳು ಹೇಗೆ ಕಳೆದವು, ಸ್ವಲ್ಪ ನೆನಪು ಮಾಡಿಕೊಳ್ಳಿ. ನಸುಕಿನಲ್ಲಿ ತಣ್ಣೀರು ಸ್ನಾನ. ಸರಿಯಾಗಿ ಬಾರ್‌ಗೆ ಹೋಗುವ ಹೊತ್ತಿಗೆ ಭಜನೆ. ಏನಾದರೂ ಕೇಳಬೇಕೆಂದರೆ ಗುರುಸ್ವಾಮಿ. ಎದುರು ಸಿಕ್ಕವರೆಲ್ಲ 'ಸ್ವಾಮಿ' ಅನ್ನುತ್ತಿದ್ದರು. ಕಪ್ಪು ಬಟ್ಟೆ ನೋಡಿದರೆ ಕುಡಿಯುವ ಗೆಳೆಯರೂ 'ಬಾರೋ' ಅನ್ನುವುದಿಲ್ಲ. ನೀವು ಒಬ್ಬರೇ ಬಿಟ್ಟಿರಲಿಲ್ಲ ಮೇಷ್ಟ್ರೇ, ಹತ್ತು ಜನ ಸೇರಿ ಬಿಡಿಸಿದ್ದರು. ಮಾಲೆ ತೆಗೆದ ದಿನ ಆ ಹತ್ತೂ ಜನ ಅವರವರ ಮನೆಗೆ ಹೋದರು. ಅದೂ ಅಲ್ಲದೆ ವ್ರತಕ್ಕೆ ಒಂದು ಕೊನೆಯ ದಿನ ಇರುತ್ತದೆ. ಮನಸ್ಸು ಒಳಗೊಳಗೇ ಅದನ್ನೇ ಎಣಿಸುತ್ತಿರುತ್ತದೆ, ಅಲ್ವಾ?

ಎಎಯಲ್ಲಿ ಕೊನೆಯ ದಿನ ಅಂತ ಇಲ್ಲ. 'ಇವತ್ತೊಂದು ದಿನ ಕುಡಿಯಲ್ಲ', ಅಷ್ಟೇ. ಅದು ಹುಟ್ಟಿದ್ದೂ ಒಬ್ಬರಿಂದ ಆಗದ್ದಕ್ಕೇ. 1935ರಲ್ಲಿ ಅಮೆರಿಕದ ಏಕ್ರನ್ ಊರಿಗೆ ಕೆಲಸದ ಮೇಲೆ ಹೋಗಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋದ ಕೆಲಸ ಕೆಟ್ಟಿತ್ತು, ಹೋಟೆಲಿನ ಬಾರ್ ಕೈ ಬೀಸಿ ಕರೆಯುತ್ತಿತ್ತು. ಆತ ಫೋನ್ ಹಿಡಿದು, ತನ್ನಂತೆಯೇ ಕುಡಿಯುವವರು ಯಾರಾದರೂ ಮಾತಿಗೆ ಸಿಗ್ತಾರಾ ಅಂತ ಹುಡುಕಿದ. ಕೊನೆಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಓದಿದವರು, ಶಸ್ತ್ರಚಿಕಿತ್ಸಕರು. ಅವರಿಗೂ ಒಬ್ಬರೇ ಬಿಡಲು ಆಗಿರಲಿಲ್ಲ. ಆ ಇಬ್ಬರೂ ಸೇರಿ ಶುರು ಮಾಡಿದ್ದೇ ಎಎ.

ಚರ್ಚ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಸೇರುತ್ತಾರೆ, ಕೆಲವು ಕಡೆ ಶಾಲೆಯಲ್ಲೂ ನಡೆಯುತ್ತದೆ. ದೇವರ ಮಾತು ಬರುತ್ತದೆ, ಆದರೆ ಅವರವರು ತಿಳಿದುಕೊಂಡ ದೇವರು. ನಿಮಗೆ ಅಯ್ಯಪ್ಪನೇ ಇರಲಿ, ಯಾರೂ ಕೇಳುವುದಿಲ್ಲ.

ಒಳಗೆ ಹೋದರೆ ಹಾಜರಿ ಪುಸ್ತಕ ಇರುವುದಿಲ್ಲ, ಫೀಸೂ ಇಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಒಬ್ಬೊಬ್ಬರೇ ಹೆಸರು ಹೇಳಿ, 'ನಾನೊಬ್ಬ ಕುಡುಕ' ಅಂತ ಶುರು ಮಾಡಿ ತಮ್ಮ ಕತೆ ಹೇಳುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ದಿನವಿಡೀ ಬುದ್ಧಿ ಹೇಳುವ ನಮ್ಮ ಮೇಷ್ಟ್ರುಗಳಿಗೆ ಇದೇ ಕಷ್ಟ ಇರಬಹುದು! ನಿಮ್ಮ ಸರದಿ ಬಂದಾಗ 'ಇವತ್ತು ಸುಮ್ನೆ ಕೇಳ್ತೀನಿ' ಅಂದರೂ ನಡೆಯುತ್ತದೆ. ಹಣದ ಚೀಲವೋ ತಟ್ಟೆಯೋ ಬಂದರೆ ಇಷ್ಟವಿದ್ದಷ್ಟು ಹಾಕಿ, ಇಲ್ಲದಿದ್ದರೆ ಬಿಡಿ. ಹೊರಡುವ ಮುಂಚೆ ಹಳಬರೊಬ್ಬರ ಫೋನ್ ನಂಬರ್ ಮಾತ್ರ ತೆಗೆದುಕೊಳ್ಳಿ. ಸಂಜೆ ಆರೂವರೆಗೆ ಕಾಲು ಬಾರ್ ಕಡೆ ಎಳೆದಾಗ ಬೇಕಾಗುವುದು ಅದೇ.

ಪೋಷಕರು ನೋಡಿದರೆ? ಕೋಣೆಯೊಳಗೆ ಸಿಕ್ಕವರು ಹೊರಗೆ ನಿಮ್ಮ ಹೆಸರೆತ್ತಬಾರದು ಎಂಬುದು ಅಲ್ಲಿನ ಕಟ್ಟುಪಾಡು. ಗೇಟಿನ ಹೊರಗೆ ನೋಡಿದವರ ವಿಷಯಕ್ಕೆ ಬಂದರೆ, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಏಲಕ್ಕಿ ಜಗಿದು ಹೋದರೂ ಮೊದಲನೇ ಬೆಂಚಿನ ಹುಡುಗರಿಗೆ ವಾಸನೆ ತಿಳಿಯುತ್ತದೆ. ಅವರು ಮನೆಯಲ್ಲಿ ಹೇಳಿಲ್ಲ ಅಂದುಕೊಂಡಿದ್ದೀರಾ? ಅಷ್ಟಾಗಿಯೂ ಮುಜುಗರವಾದರೆ ಮೊದಮೊದಲು ಬೇರೆ ಊರಿನ ಮೀಟಿಂಗ್‌ಗೆ ಹೋಗಿ. ಆನ್‌ಲೈನ್ ಮೀಟಿಂಗ್‌ಗಳೂ ಇವೆ.

ಎಎ ಹೊಂದದಿದ್ದರೆ ನಮ್ಮ ನಾಡಿನದೇ ಇನ್ನೊಂದು ದಾರಿ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆ ಜನಜಾಗೃತಿ ವೇದಿಕೆಯವರು ಊರೂರಲ್ಲಿ 8 ದಿನಗಳ ಮದ್ಯವರ್ಜನ ಶಿಬಿರ ಮಾಡುತ್ತಾರೆ. ನನಗೆ ಶಿಬಿರಕ್ಕಿಂತ ಮುಖ್ಯ ಅನಿಸುವುದು ಅದು ಮುಗಿದ ಮೇಲಿನ ನವಜೀವನ ಸಮಿತಿ. ಕುಡಿತ ಬಿಟ್ಟವರು ಅಲ್ಲಿ ಮತ್ತೆ ಮತ್ತೆ ಸೇರುತ್ತಿರುತ್ತಾರೆ. ಶಿಬಿರಕ್ಕೆ ಹೋಗುವ ಮುಂಚೆಯೂ ವೈದ್ಯರನ್ನು ಕೇಳಿ.

ಕೊನೆಗೆ ಆ ಪುಡಿ. ನಿಮ್ಮ ಸಿಟ್ಟು ನ್ಯಾಯವೇ. ಇಂಥ ಪುಡಿಗಳಲ್ಲಿ ಡೈಸಲ್ಫಿರಾಮ್ ಎಂಬ, ಕುಡಿತ ಬಿಡಿಸಲು ಕೊಡುವ ಔಷಧಿ ಇದ್ದರೆ, ಅದರ ಮೇಲೆ ಕುಡಿದಾಗ ವಾಂತಿ, ಎದೆ ಬಡಿತ ಜಾಸ್ತಿಯಾಗಿ ಬಿಪಿ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಅದಕ್ಕೇ ವೈದ್ಯರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುವುದು. ಆದರೆ ನಿಮ್ಮ ಮನೆಯವರು ವಿಷ ಹಾಕಲು ಹೊರಟವರಲ್ಲ, ಬೇರೆ ದಾರಿ ಕಾಣದೆ ಹಾಗೆ ಮಾಡಿದ್ದಾರೆ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಗುಂಪಿದೆ, ಹೋಗಬೇಕೆನಿಸಿದರೆ ಅವರು ಹೋಗಲಿ. ವೈದ್ಯರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ. ಪುಡಿಯ ಪೊಟ್ಟಣ ಇನ್ನೂ ಮನೆಯಲ್ಲಿದ್ದರೆ ಅದನ್ನೂ ಒಯ್ದು ತೋರಿಸಿ.