ಆಫರ್ ಕೈಯಲ್ಲಿದೆ, ಆ ಟೀಮಿನವರು ರಾತ್ರಿ ಎಷ್ಟಕ್ಕೆ ಲ್ಯಾಪ್‌ಟಾಪ್ ಮುಚ್ಚುತ್ತಾರೆ ಅಂತ ತಿಳಿಯೋದು ಹೇಗೆ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಿಂದ ಆಫರ್ ಬಂದಿದೆ, ಆನ್‌ಲೈನ್ ರೇಟಿಂಗ್ ಚೆನ್ನಾಗಿದೆ, ನಂಬಬಹುದಾ ಅಂತ ಕೇಳಿದ್ದೀರಿ.

ನಂಬಿ, ಆದರೆ ಅದು ನಿಮ್ಮ ಟೀಮಿಗೆ ಸಿಕ್ಕ ಮಾರ್ಕ್ಸ್ ಅಲ್ಲ. ಒಂದೇ ಬಿಲ್ಡಿಂಗಿನಲ್ಲಿ ಮೂರನೇ ಮಹಡಿಯವರು ಆರಕ್ಕೆ ಕ್ಯಾಬ್ ಹತ್ತುತ್ತಾರೆ, ಐದನೇ ಮಹಡಿಯವರು ರಾತ್ರಿ ಹನ್ನೊಂದಕ್ಕೂ ಕಾಲ್‌ನಲ್ಲಿರುತ್ತಾರೆ. ಎಲ್ಲ ನಿಂತಿರುವುದು ಮ್ಯಾನೇಜರ್ ಯಾರು, ಅವರ ಬಾಸ್ ಯಾವ ದೇಶದಲ್ಲಿ ಕೂತಿದ್ದಾರೆ ಅನ್ನುವುದರ ಮೇಲೆ. "ವರ್ಕ್-ಲೈಫ್ ಬ್ಯಾಲೆನ್ಸ್ ಹೇಗಿದೆ?" ಅಂತ ಎಚ್‌ಆರ್‌ನವರನ್ನು ಕೇಳಿದರೆ "ತುಂಬಾ ಚೆನ್ನಾಗಿದೆ" ಅನ್ನದೆ ಇನ್ನೇನು ಅಂತಾರೆ? ಅದರ ಬದಲು ಅಂಕಿಯಲ್ಲೇ ಉತ್ತರ ಹೇಳಬೇಕಾದ ಪ್ರಶ್ನೆಗಳನ್ನು ಮ್ಯಾನೇಜರನ್ನೇ ಕೇಳಿ.

ಮೊದಲನೆಯದು ಆನ್‌ಕಾಲ್, ಅಂದರೆ ಸಿಸ್ಟಂ ಕೆಟ್ಟರೆ ಯಾವ ಹೊತ್ತಿನಲ್ಲೂ ಎದ್ದು ನೋಡಬೇಕಾದ ಸರದಿ. "ಸರದಿಯಲ್ಲಿ ಎಷ್ಟು ಜನ ಇದ್ದೀರಿ?" ನಾಲ್ಕು ಜನ, ತಲಾ ಒಂದು ವಾರ ಅಂದರೆ ವರ್ಷದಲ್ಲಿ 13 ವಾರ ಫೋನ್ ದಿಂಬಿನ ಪಕ್ಕ. ಇಲ್ಲಿ ಒಂದು ಮೋಸವಿದೆ: ಮೊದಲು ಫೋನ್ ಎತ್ತಬೇಕಾದ ಪ್ರೈಮರಿ ಜೊತೆ, ಅವರು ಸಿಗದಿದ್ದರೆ ಏಳಬೇಕಾದ ಸೆಕೆಂಡರಿಯೂ ಇದ್ದರೆ ಅದೇ ನಾಲ್ಕು ಜನಕ್ಕೆ 26 ವಾರ ಆಗುತ್ತದೆ, ಅರ್ಧ ವರ್ಷ. ಎಂಟು ಜನಕ್ಕಿಂತ ಕಡಿಮೆ ಇದ್ದರೆ ನಾನಂತೂ ಎರಡು ಸಲ ಯೋಚಿಸಿ ಅಂತೀನಿ. ಕಳೆದ ತಿಂಗಳು ನಡುರಾತ್ರಿ ಎಷ್ಟು ಸಲ ಅಲರ್ಟ್ ಬಂತು, ಮರುದಿನ ಕಾಂಪ್ ಆಫ್ (ಬದಲಿ ರಜೆ) ಕೊಟ್ಟರಾ, ಇದನ್ನೂ ಕೇಳಿ. ಲೆಕ್ಕ ಇಟ್ಟಿರುವ ಮ್ಯಾನೇಜರ್ ತಕ್ಷಣ ಹೇಳುತ್ತಾರೆ. "ಅಪರೂಪಕ್ಕೆ ಬರುತ್ತೆ" ಅಂತ ನಕ್ಕರೆ ಲೆಕ್ಕವೇ ಇಟ್ಟಿಲ್ಲ ಅಂತ ತಿಳಿಯಿರಿ.

ಎರಡನೆಯದು ಕಾಲ್ ಸಮಯ. ಕ್ಯಾಲಿಫೋರ್ನಿಯಾದವರ ಬೆಳಿಗ್ಗೆ 9 ಅಂದರೆ ನಮಗೆ ರಾತ್ರಿ 9:30. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದೇ ಕಾಲ್ 10:30ಕ್ಕೆ ಹೋಗಿ ಮಾರ್ಚ್‌ವರೆಗೆ ಅಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಸೇರಿದವರಿಗೆ ಇದು ಗೊತ್ತಾಗುವುದು ದೀಪಾವಳಿ ಹೊತ್ತಿಗೆ. ವಾರಕ್ಕೆ ಇಂಥ ಕಾಲ್ ಎಷ್ಟು, ಆ ಕಡೆಯವರು ಎಂದಾದರೂ ತಮ್ಮ ರಾತ್ರಿಯಲ್ಲಿ ಕೂರುತ್ತಾರಾ ಅಂತ ವಿಚಾರಿಸಿ.

ಕಾನೂನು ಇಲ್ಲವೇ ಅಂದರೆ, ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9, ವಾರಕ್ಕೆ 48 ಗಂಟೆ, ಮೀರಿದರೆ ಎರಡು ಪಟ್ಟು ಸಂಬಳ. 2024ರಲ್ಲಿ ಐಟಿಯವರ ದಿನವನ್ನು 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾವ ಬಂದಾಗ ನೌಕರರ ಸಂಘಟನೆ ಕಿಟು ಬೀದಿಗಿಳಿದಿತ್ತು. ಆದರೆ ಲ್ಯಾಪ್‌ಟಾಪ್ ಮನೆಗೆ ಹೋದ ಮೇಲೆ ಗಂಟೆ ಎಣಿಸುವವರು ಯಾರು?

ಇನ್ನು ಆಫರ್ ಲೆಟರ್. ಜಾಯ್ನಿಂಗ್ ಬೋನಸ್ ಇದ್ದರೆ, ವರ್ಷದೊಳಗೆ ಬಿಟ್ಟಾಗ ವಾಪಸ್ ಕೊಡಬೇಕಾದ್ದು ಟ್ಯಾಕ್ಸ್ ಕಳೆದ ಮೊತ್ತವೋ ಕಳೆಯುವ ಮುಂಚಿನದೋ ನೋಡಿ. 30% ಸ್ಲ್ಯಾಬಿನಲ್ಲಿ 2 ಲಕ್ಷಕ್ಕೆ ಸೆಸ್ಸೂ ಸೇರಿ 62,400 ಹೋಗಿ ಕೈಗೆ ಸಿಗುವುದು 1,37,600. ಕೇಳುವುದು ಮಾತ್ರ ಪೂರಾ 2 ಲಕ್ಷ ಇರಬಹುದು. ವೇರಿಯಬಲ್ ಪೇ (ಕೆಲಸದ ಫಲಿತಾಂಶ ನೋಡಿ ಕೊಡುವ ಸಂಬಳದ ಭಾಗ) ಹತ್ತಿರ "ಪಾವತಿಯ ದಿನ ಕೆಲಸದಲ್ಲಿರಬೇಕು, ನೋಟಿಸ್ ಕೊಟ್ಟಿರಬಾರದು" ಅಂತಿದ್ದರೆ ರಾಜೀನಾಮೆಗೆ ತಿಂಗಳು ನೋಡಿಕೊಳ್ಳಬೇಕಾಗುತ್ತದೆ. 'ಅನ್‌ಲಿಮಿಟೆಡ್ ಲೀವ್' ಅಂದರೆ ಸಾಮಾನ್ಯವಾಗಿ ಬಿಡುವಾಗ ನಗದು ಮಾಡಿಕೊಳ್ಳಲು ರಜೆ ಖಾತೆಯೇ ಇರುವುದಿಲ್ಲ. 90 ದಿನದ ನೋಟಿಸ್ ಇದ್ದರೆ ಬೈಔಟ್ (ದುಡ್ಡು ಕಟ್ಟಿ ಬೇಗ ಬಿಡುವುದು) ನಿಮ್ಮ ಹಕ್ಕೋ ಕಂಪನಿಯ ಮರ್ಜಿಯೋ, ದುಡ್ಡು ಬೇಸಿಕ್ (ಮೂಲ ಸಂಬಳ) ಮೇಲೋ ಗ್ರಾಸ್ (ಭತ್ಯೆಗಳೂ ಸೇರಿದ ಸಂಬಳ) ಮೇಲೋ ಓದಿಕೊಳ್ಳಿ. ಗ್ರಾಸ್ ಆದರೆ ಎರಡು ಪಟ್ಟು ಬೀಳಬಹುದು.

ಇದನ್ನೆಲ್ಲ ಕೇಳಿದಾಗ "ಅಯ್ಯೋ, ಅದೆಲ್ಲ ಬರೀ ಫಾರ್ಮಾಲಿಟಿ" ಅಂತ ಎಚ್‌ಆರ್‌ನವರು ಫೋನಿನಲ್ಲಿ ಅಂದರೆ, ಆ ಮಾತನ್ನೇ ಒಂದು ಮೇಲ್‌ನಲ್ಲಿ ಬರೆದು ಕಳಿಸಿ ಅನ್ನಿ.