61 ದಿನದ ರಜೆಯಿಂದ ಬೂತಾಯಿ ಉಳಿಯುತ್ತದೆಯೇ?

ಜೂನ್ ಬಂತೆಂದರೆ ಬೆಂಗಳೂರಲ್ಲಿ ಬೂತಾಯಿ (ಸಾರ್ಡೀನ್), ಬಂಗುಡೆ (ಮ್ಯಾಕೆರೆಲ್) ಯಾಕೆ ಸಿಗುವುದಿಲ್ಲ, ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಮೀನಿಗೆ ನಿಜಕ್ಕೂ ಉಪಯೋಗ ಇದೆಯೇ ಅಥವಾ ಮೀನುಗಾರರ ಹೊಟ್ಟೆಗೆ ಹೊಡೆತ ಮಾತ್ರವೇ ಎಂದು ಕೇಳಿದ್ದೀರಿ. ಉಪಯೋಗ ಇದೆ, ಆದರೆ ಅರ್ಧ. ಮಳೆಗಾಲದ ರಜೆ ತಾಯಿ ಮೀನನ್ನು ಕಾಯುತ್ತದೆ. ಮರಿಯನ್ನು ಕಾಯಬೇಕಾದ ನಿಯಮಗಳು ಬೇರೆ ಇವೆ, ಸೋಲುತ್ತಿರುವುದು ಅಲ್ಲಿ.

ಮೊದಲು ಮಾರುಕಟ್ಟೆಯ ವಿಷಯ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಪೂರ್ವ ಕರಾವಳಿಯಲ್ಲಿ ಇದೇ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜೂನ್ ತಿಂಗಳ ಮೊದಲ ಹದಿನಾಲ್ಕು ದಿನ ಎರಡೂ ಕಡಲು ಮುಚ್ಚಿರುತ್ತವೆ. ರಸೆಲ್ ಮಾರ್ಕೆಟ್‌ನಲ್ಲಿ ಕಡಲ ಮೀನಿಗೆ ವರ್ಷದಲ್ಲೇ ಅತಿ ಬಿಗಿಯಾದ ಹೊತ್ತು ಅದು. ಜೂನ್ 15 ದಾಟಿದ ಮೇಲೆ ಚೆನ್ನೈ, ಕಾಕಿನಾಡ, ವಿಶಾಖಪಟ್ಟಣದ ಕಡೆಯ ಲೋಡು ಬರತೊಡಗುತ್ತದೆ. ಆದರೆ ಆ ಕಡೆಯಿಂದ ಬರುವ ಮತ್ತಿ (ತಮಿಳು, ಮಲಯಾಳದಲ್ಲಿ ಬೂತಾಯಿಯ ಹೆಸರು) ಎಷ್ಟೋ ಸಲ ನಮ್ಮ ಬೂತಾಯಿಯ ಹತ್ತಿರದ ಬೇರೆ ಜಾತಿ, ಎಣ್ಣೆಯಂಶ ಕಡಿಮೆ. ಜುಲೈನಲ್ಲಿ ತಂದ ಮೀನಿಗೆ ಊರಿನ ರುಚಿ ಇಲ್ಲ ಎನಿಸಿದರೆ ಅದಕ್ಕೆ ಇದೂ ಒಂದು ಕಾರಣ.

ಈಗ ಮೀನಿನ ಲೆಕ್ಕ. ಬೂತಾಯಿಯನ್ನು ಕುಂದಾಪುರದ ಕಡೆ ಬೈಗೆ ಅನ್ನುತ್ತಾರೆ, ಕಾರವಾರದ ಕೊಂಕಣಿಯಲ್ಲಿ ತಾರ್ಲೆ. ಅದರ ಆಯುಸ್ಸೇ ಎರಡು, ಎರಡೂವರೆ ವರ್ಷ. ಒಂದು ವರ್ಷದೊಳಗೆ, 14–15 ಸೆಂ.ಮೀ. ಆಗುವ ಹೊತ್ತಿಗೆ, ಹೆಚ್ಚಿನವು ಮೊದಲ ಬಾರಿ ಮೊಟ್ಟೆಗೆ ಬರುತ್ತವೆ. ನೈಋತ್ಯ ಮಾರುತ ಬೀಸಿದಾಗ ಕಡಲಿನ ಅಡಿಯ ತಂಪು ನೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹೇರಳವಾಗಿ ಬೆಳೆಯುತ್ತದೆ. ಮರಿಗೆ ಮೇವು ಸಿಗುವ ಆ ಹೊತ್ತಿಗೇ, ಜೂನ್‌ನಿಂದ ಸುಮಾರು ಸೆಪ್ಟೆಂಬರ್‌ವರೆಗೆ, ಬೂತಾಯಿ ಮೊಟ್ಟೆ ಇಡುತ್ತದೆ. ಒಂದೊಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆ ಇಡುವ ಜಾತಿ ಇದು. ಹಾಗಾಗಿ ಆ ಎರಡು ತಿಂಗಳು ಪರ್ಸಿನ್ (ಮೀನಿನ ಗುಂಪನ್ನೇ ಸುತ್ತುವರಿಯುವ ಬಲೆ) ಮತ್ತು ಟ್ರಾಲ್ (ನೀರಿನಲ್ಲಿ ಎಳೆದೊಯ್ಯುವ ಚೀಲದ ಬಲೆ) ಬೋಟುಗಳು ದಡದಲ್ಲಿದ್ದರೆ ಲಾಭ ದೊಡ್ಡದು.

ಆದರೆ ಆಯುಸ್ಸು ಕಡಿಮೆ ಇರುವ ಮೀನಿಗೆ ಒಂದು ತೊಂದರೆ ಇದೆ. ಒಂದು ವರ್ಷ ಹುಟ್ಟಿದ ಮರಿಗಳು ಕೈಕೊಟ್ಟರೆ ಮುಂದಿನ ವರ್ಷದ ಕಡಲೇ ಬರಿದು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಮತ್ತಿ ದಡ ಸೇರಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇಷ್ಟು ದೊಡ್ಡ ಕುಸಿತಕ್ಕೆ ಬರೀ ಬೋಟುಗಳನ್ನು ದೂರುವುದು ತಪ್ಪು. ಎಲ್ ನಿನೊ (ಪೆಸಿಫಿಕ್ ಕಡಲು ಬಿಸಿಯಾಗಿ ಹವಾಮಾನ ಏರುಪೇರಾಗುವುದು), ಬಿಸಿಯಾದ ನೀರು, ಮಳೆಯ ಏರುಪೇರು ಎಲ್ಲವೂ ಸೇರಿವೆ. ಆದರೆ ಹವಾಮಾನ ನಮ್ಮ ಕೈಯಲ್ಲಿಲ್ಲ, ಬಲೆ ಇದೆ.

ರಜೆಯ ದೊಡ್ಡ ಕೊರತೆ ಇಲ್ಲಿದೆ: ಮಳೆಗಾಲದ ಮೊದಲ ಸುತ್ತಿನಲ್ಲಿ ಹುಟ್ಟಿದ ಮರಿಗಳು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ದಡದ ಹತ್ತಿರ ಗುಂಪುಗುಂಪಾಗಿ ಮೇಯುತ್ತವೆ. ಬೋಟುಗಳು ಹೊರಡುವುದೂ ಅದೇ ಆಗಸ್ಟ್‌ನಲ್ಲಿ. ಎರಡು ತಿಂಗಳು ಆದಾಯವಿಲ್ಲದೆ ಕೂತ ಮಾಲೀಕ ಮೊದಲ ವಾರ ಕೈಗೆ ಸಿಕ್ಕಿದ್ದನ್ನು ಬಿಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಇದಕ್ಕೇ ಕನಿಷ್ಠ ಗಾತ್ರದ ನಿಯಮ ಬಂದಿದ್ದು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸೂಚಿಸಿದ ಅಳತೆಗಳನ್ನು ಕೇರಳ 2015ರಲ್ಲಿ 14 ಜಾತಿಗಳಿಗೆ ಜಾರಿ ಮಾಡಿತು, ಆಮೇಲೆ ಕರ್ನಾಟಕವೂ ಅದೇ ದಾರಿ ಹಿಡಿಯಿತು. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಮೂತಿಯ ತುದಿಯಿಂದ ಬಾಲದ ತುದಿವರೆಗೆ ಅಳೆಯಬೇಕು. ಗಮನಿಸಿ, ಬೂತಾಯಿಯ 10 ಸೆಂ.ಮೀ. ಗೆರೆ ಮೊಟ್ಟೆಗೆ ಬರುವ ಗಾತ್ರಕ್ಕಿಂತ ಕೆಳಗಿದೆ. 11 ಸೆಂ.ಮೀ. ಮೀನು ಕಾನೂನಿನ ಪ್ರಕಾರ ಸರಿ, ಆದರೆ ಅದು ಒಂದು ಸಲವೂ ಮೊಟ್ಟೆ ಇಟ್ಟಿರುವುದಿಲ್ಲ.

ಟ್ರಾಲ್ ಬೋಟಿನಲ್ಲಿ ಮರಿ ಬಿಡಿಸುವುದಕ್ಕೆ ಬಲೆಯ ತುದಿಯ ಚೀಲವನ್ನೇ ಬದಲಿಸಬೇಕು. ಸಾಮಾನ್ಯ ಬಲೆಯ ಕಣ್ಣು ವಜ್ರಾಕಾರ. ಮೀನು ತುಂಬಿ ಎಳೆತ ಬಿದ್ದಾಗ ಆ ಕಣ್ಣು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ, ಬೆರಳೂ ತೂರುವುದಿಲ್ಲ. ಅದೇ 35 ಮಿ.ಮೀ. ಚೌಕ ಕಣ್ಣಿನ ಚೀಲ ಎಳೆತದಲ್ಲೂ ತೆರೆದೇ ಇರುತ್ತದೆ, ಮರಿ ಹೊರಗೆ ಜಾರುತ್ತದೆ. ಹಾಗಿದ್ದರೆ ಎಲ್ಲರೂ ಯಾಕೆ ಹಾಕುವುದಿಲ್ಲ? ಜಾರಿಹೋಗುವ ಸಣ್ಣ ಮೀನಿಗೂ ಗಿರಾಕಿ ಇದ್ದಾನೆ. ಫಿಶ್ ಮೀಲ್ (ಒಣ ಮೀನಿನ ಪುಡಿ) ಮತ್ತು ಮೀನೆಣ್ಣೆ ಕಾರ್ಖಾನೆಗೆ ಗಾತ್ರ ಮುಖ್ಯವಲ್ಲ, ತೂಕ ಮುಖ್ಯ. ಐಸಿನ ಖರ್ಚು, ಡೀಸೆಲ್ ಖರ್ಚಿನ ಒಂದು ಪಾಲು ಅದನ್ನು ಮಾರಿದ ದುಡ್ಡಿನಿಂದ ಹುಟ್ಟುತ್ತದೆ. ಈ ಕೊಳ್ಳುವ ಬಾಗಿಲಲ್ಲಿ ತಪಾಸಣೆ ಇಲ್ಲದೆ ಬಲೆಯ ಕಣ್ಣಿನ ನಿಯಮ ನಿಲ್ಲುವುದು ಕಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ.

ಪರ್ಸಿನ್‌ನ ಕಷ್ಟ ಬೇರೆ ಥರ, ಬೂತಾಯಿಗೆ ಹೆಚ್ಚು ಸಂಬಂಧಿಸಿದ್ದೂ ಅದೇ. ಅದು ಇಡೀ ಗುಂಪನ್ನು ಸುತ್ತುವರಿದು ಕೆಳಗಿನ ಹಗ್ಗ ಬಿಗಿದು ಚೀಲದ ಬಾಯಿ ಮುಚ್ಚಿದಂತೆ ಮುಚ್ಚುವ ಬಲೆ. ಕಣ್ಣು ದೊಡ್ಡದು ಮಾಡಿದರೆ ಮೀನು ತಪ್ಪಿಸಿಕೊಳ್ಳುವ ಬದಲು ಕಿವಿರಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಸಾವಿರಾರು ಮೀನು ಹಾಗೆ ಸಿಕ್ಕರೆ ಭಾರಕ್ಕೆ ಬಲೆ ಹರಿಯುತ್ತದೆ, ಬಿಡಿಸುವುದಕ್ಕೆ ದಿನಗಟ್ಟಲೆ ಬೇಕು. ಮೇಲೆತ್ತಿದ ಮೇಲೆ ಮರಿ ಎಂದು ಗೊತ್ತಾಗಿ ಸುರಿದರೂ ಪ್ರಯೋಜನವಿಲ್ಲ. ಬೂತಾಯಿಯ ಹುರುಪೆ ತುಂಬ ಸಡಿಲ, ಒಂದಕ್ಕೊಂದು ಉಜ್ಜಿ ಕಳಚಿದರೆ ಮೀನು ಬದುಕುವುದಿಲ್ಲ. ಬಲೆ ಬಿಗಿಯುವ ಮೊದಲೇ ಮಾದರಿ ಎತ್ತಿ ನೋಡಿ, ಸಣ್ಣದಾಗಿದ್ದರೆ ಹಗ್ಗ ಸಡಿಲಿಸಿ ಬಿಡಬೇಕು. ಅದು ತಾಂಡೇಲನ (ಬೋಟು ನಡೆಸುವವನ) ಒಂದು ಕ್ಷಣದ ತೀರ್ಮಾನ, ದಕ್ಕೆಯಲ್ಲಿ (ಮೀನು ಇಳಿಸುವ ಕಟ್ಟೆಯಲ್ಲಿ) ನಿಂತ ಅಧಿಕಾರಿಯ ಕೈಯಲ್ಲಿಲ್ಲ. ಮರಿ ಹೆಚ್ಚಿರುವ ಜಾಗವನ್ನು ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕೆಲವು ವಾರ ಬಿಟ್ಟುಕೊಡುವ ಒಪ್ಪಂದ ಬೋಟಿನವರೇ ಮಾಡಿಕೊಂಡರೆ ದಂಡಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಬೆಳಕು ಹಾಕಿ ಮೀನು ಹಿಡಿಯುವುದನ್ನು, ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನು ಕೇಂದ್ರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗೆ ಕರ್ನಾಟಕದ 1986ರ ಕಡಲ ಮೀನುಗಾರಿಕೆ ಕಾಯ್ದೆ ನಡೆಯುತ್ತದೆ, ಅದರಾಚೆ ಕೇಂದ್ರದ ಅಧಿಕಾರ. ಮೀನಿಗೆ ಈ ಗಡಿ ಗೊತ್ತಿಲ್ಲ. ಕೇರಳ ತನ್ನ 12 ಮೈಲಿಯೊಳಗೆ ಜೂನ್ 9ರ ಮಧ್ಯರಾತ್ರಿಯಿಂದ ಹಾಕುವ 52 ದಿನದ ನಿಷೇಧ ಮುಖ್ಯವಾಗಿ ಟ್ರಾಲಿಂಗ್‌ಗೆ. ಅಲ್ಲಿನ ರಿಂಗ್ ಬಲೆಗಳು (ಪರ್ಸಿನ್ ಥರದ ಸುತ್ತು ಬಲೆಗಳು) ಮಳೆಗಾಲದಲ್ಲೂ ಮತ್ತಿ ಹಿಡಿಯುತ್ತವೆ. ನಮ್ಮ ಬೋಟಿನವರು ಇದು ಅನ್ಯಾಯ ಎಂದರೆ ಆ ಮಾತಿನಲ್ಲಿ ನ್ಯಾಯವಿದೆ.

ಮೀನುಗಾರರಿಗೆ ಆಗುವ ಪರಿಣಾಮವೂ ಎಲ್ಲರಿಗೂ ಒಂದೇ ಅಲ್ಲ. 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಕರ್ನಾಟಕದಲ್ಲಿ ರಜೆ ಇಲ್ಲ. ಕಡಲು ಶಾಂತವಾದ ದಿನ ಅವರಿಗೆ ಒಳ್ಳೆಯ ಬೆಲೆ ಸಿಗುತ್ತದೆ, ಆದರೆ ಅಂಥ ದಿನಗಳು ಕಡಿಮೆ, ಅಳಿವೆ (ನದಿ ಕಡಲು ಸೇರುವ ಬಾಯಿ) ದಾಟುವಾಗ ದೋಣಿ ಮಗುಚುವ ಅಪಾಯ ಯಾವಾಗಲೂ ಇದ್ದೇ ಇದೆ. ಬೋಟಿನ ಮಾಲೀಕ ಬಲೆ ದುರಸ್ತಿ, ಎಂಜಿನ್ ಕೆಲಸ, ಬಣ್ಣ ಎಲ್ಲ ಇದೇ ಹೊತ್ತಿಗೆ ಮುಗಿಸುತ್ತಾನೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ನಿಯಮ ಮುರಿದರೆ ದಂಡದ ಜೊತೆ ಕರರಹಿತ ಡೀಸೆಲ್ ಸೌಲಭ್ಯವೂ ಕೈತಪ್ಪುತ್ತದೆ. ಮಾಲೀಕರು ನಿಜವಾಗಿ ಹೆದರುವುದು ಅದಕ್ಕೆ.

ಹೆಚ್ಚು ನರಳುವವರು ಕಲಾಸಿಗಳು (ಬೋಟಿನ ಕೂಲಿಯಾಳುಗಳು) ಮತ್ತು ಮೀನು ಮಾರುವ ಹೆಂಗಸರು. ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿರುವ ಮೀನುಗಾರ ತಾನೇ 1,500 ರೂಪಾಯಿ ಕಟ್ಟಬೇಕು, ಸರ್ಕಾರ 3,000 ಸೇರಿಸುತ್ತದೆ, ಒಟ್ಟು 4,500 ರೂಪಾಯಿ ಮೂರು ತಿಂಗಳಿಗೆ. ದಿನಕ್ಕೆ 50 ರೂಪಾಯಿ ಆಯಿತು, ಅದರಲ್ಲೂ ಮೂರನೇ ಒಂದು ಭಾಗ ಅವನದೇ ದುಡ್ಡು. ಒಡಿಶಾ, ಆಂಧ್ರದಿಂದ ಬಂದು ದುಡಿಯುವ ಕಲಾಸಿಗಳ ಹೆಸರು ಇಲ್ಲಿಯ ಪಟ್ಟಿಯಲ್ಲಿ ಇರುವುದಿಲ್ಲ. ಮಾಲೀಕನ ಹತ್ತಿರ ಮುಂಗಡ ಪಡೆದು ಊರಿಗೆ ಹೋಗುತ್ತಾರೆ, ಆ ಮುಂಗಡ ತೀರಿಸಲು ಆಗಸ್ಟ್‌ನಲ್ಲಿ ಸಿಕ್ಕಿದ್ದೆಲ್ಲ ಹಿಡಿಯಬೇಕಾಗುತ್ತದೆ. ರಜೆಯ ಪರಿಹಾರ ಹೆಚ್ಚಿದರೆ ಮರಿ ಮೀನಿನ ಮೇಲಿನ ಒತ್ತಡವೂ ಇಳಿಯುತ್ತದೆ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಬೆಂಗಳೂರಲ್ಲಿ ಕೂತು ಏನು ಮಾಡಬಹುದು ಎಂದೂ ಕೇಳಿದ್ದೀರಿ. ಜೇಬಿನಲ್ಲೇ ಅಳತೆಗೋಲು ಇದೆ: ನೇರಳೆ ಬಣ್ಣದ 100 ರೂಪಾಯಿ ನೋಟು 14.2 ಸೆಂ.ಮೀ., 500ರ ನೋಟು 15 ಸೆಂ.ಮೀ. ಬಂಗುಡೆ ನೂರರ ನೋಟಿಗಿಂತ ಗಿಡ್ಡ ಇದ್ದರೆ ಅದು ಹಿಡಿಯಬಾರದಿದ್ದ ಮೀನು. ಬೂತಾಯಿ ಐನೂರರ ನೋಟಿನಷ್ಟಿದ್ದರೆ ನೆಮ್ಮದಿಯಿಂದ ತನ್ನಿ. ಅಂಜಲ್‌ಗೆ (ಸೀರ್ ಮೀನಿಗೆ) ಕನಿಷ್ಠ 50 ಸೆಂ.ಮೀ., ಅದನ್ನು ಬಾಲದ ಕವಲಿನವರೆಗೆ ಅಳೆಯುತ್ತಾರೆ. ಅಂಗೈಯಗಲದ ತುಂಡಿಗೆ ಬದಲು ಪುಟ್ಟ ಇಡೀ ಅಂಜಲ್ ಕೊಟ್ಟರೆ ಬೇಡ ಅನ್ನಿ. ಬೂತಾಯಿ ತಿನ್ನುವುದಾದರೆ ಅಕ್ಟೋಬರ್‌ವರೆಗೆ ಕಾಯಿರಿ. ಮೊಟ್ಟೆ ಇಟ್ಟು ಸೊರಗಿದ ಮೀನು ಅಷ್ಟರಲ್ಲಿ ಮತ್ತೆ ಮೇದು ಎಣ್ಣೆ ತುಂಬಿಕೊಂಡಿರುತ್ತದೆ, ಕಾವಲಿಗೆ ಹಾಕಿದರೆ ಅದರದೇ ಎಣ್ಣೆ ಬಿಡುತ್ತದೆ.