ಒಂದು ದಿನದ ಪದಕನಾ, ಇಡೀ ಚಳಿಗಾಲದ ಲೆಕ್ಕನಾ?

ಪತ್ರ ಬರೆದ ಓದುಗ ಮಿತ್ರರಿಗೆ ನಮಸ್ಕಾರ.

ಹೋದ ಸಂಚಿಕೇಲಿ ಹಿಮದ ಬೆಟ್ಟದಿಂದ ಸ್ಕೀ ಕಟ್ಕೊಂಡು ಇಳಿಯೋ ರೇಸಿನ ಆಟಗಾರ್ತಿ, ಅಮೆರಿಕದ ಮಿಕೇಲಾ ಶಿಫ್ರಿನ್ ಬಗ್ಗೆ ಬರೆದಿದ್ದಕ್ಕೆ ನೀವು ತಕರಾರು ತೆಗೆದಿದ್ದೀರಿ, ಬೀಜಿಂಗ್ ಒಲಿಂಪಿಕ್ಸಿಂದ ಬರಿಗೈಲಿ ಬಂದವರನ್ನ ಎಲ್ಲಾ ಕಾಲಕ್ಕೂ ಶ್ರೇಷ್ಠರು ಅಂತ ಹೇಗೆ ಬರೀತೀರಿ ಅಂತ. ನಿಜ, 2022ರಲ್ಲಿ ಅಲ್ಲಿ ಜೈಂಟ್ ಸ್ಲಾಲಮ್ (ಕಂಬಗಳ ಸುತ್ತ ತಿರುಗ್ತಾ ಇಳಿಯೋ ರೇಸ್) ಪೂರ್ತಿ ಮಾಡ್ಲಿಲ್ಲ, ಎರಡು ದಿನ ಬಿಟ್ಟು ಕಂಬಗಳು ಇನ್ನೂ ಹತ್ತಿರ ಇರೋ ಸ್ಲಾಲಮಲ್ಲೂ ಶುರುವಲ್ಲೇ ದಾರಿ ತಪ್ಪಿ ಪಕ್ಕಕ್ಕೆ ಹೋಗಿ ಹಿಮದ ಮೇಲೆ ತಲೆ ತಗ್ಗಿಸಿ ಕೂತುಬಿಟ್ರು. ಆದ್ರೆ ಅದೇ ಮಾರ್ಚಲ್ಲಿ ವರ್ಲ್ಡ್ ಕಪ್ಪಿನ ಓವರಾಲ್ ಟ್ರೋಫಿ, ಅಂದ್ರೆ ಇಡೀ ಸೀಸನ್ನಿನ ಒಟ್ಟು ಪಾಯಿಂಟಲ್ಲಿ ಮೊದಲು ಬಂದವರಿಗೆ ಸಿಗೋ ದೊಡ್ಡ ಕ್ರಿಸ್ಟಲ್ ಗ್ಲೋಬ್, ಅವರ ಕೈಲಿತ್ತು, ನಿಮ್ಮ ಪತ್ರದಲ್ಲಿ ಅದರ ಸುದ್ದಿನೇ ಇಲ್ಲ. 2014, 2018ರಲ್ಲಿ ಒಲಿಂಪಿಕ್ ಚಿನ್ನನೂ ಗೆದ್ದಿದ್ದಾರೆ ಬಿಡಿ.

ಈ ವರ್ಲ್ಡ್ ಕಪ್ ಅಕ್ಟೋಬರಿಂದ ಮಾರ್ಚ್‌ವರೆಗೂ ಬೆಟ್ಟದಿಂದ ಬೆಟ್ಟಕ್ಕೆ ಹೋಗ್ತಾನೇ ಇರುತ್ತೆ. ಗೆದ್ದವರಿಗೆ 100 ಪಾಯಿಂಟ್, ಎರಡನೇಯವರಿಗೆ 80, ಮೂರನೇಯವರಿಗೆ 60, ಹೀಗೇ ಇಳೀತಾ 30ನೇಯವರಿಗೆ 1, ಬಿದ್ರೆ ಸೊನ್ನೆ. ಸ್ಲಾಲಮಲ್ಲಿ ಎರಡು ರನ್, ಅಂದ್ರೆ ಎರಡು ಸಲ ಇಳೀಬೇಕು, ಮೊದಲ ರನ್ನಲ್ಲಿ ಮುಂದಿದ್ದ 30 ಜನಕ್ಕೆ ಮಾತ್ರ ಎರಡನೇದು, ಅದೂ ಉಲ್ಟಾ ಕ್ರಮದಲ್ಲಿ, ಲೀಡಲ್ಲಿರೋರು ಎಲ್ಲರಿಗಿಂತ ಕೊನೆಗೆ ಇಳೀಬೇಕು, ಅಷ್ಟೊತ್ತಿಗೆ ಅಷ್ಟೂ ಜನರ ಸ್ಕೀ ಉಜ್ಜಿ ಉಜ್ಜಿ ಗೇಟಿನ ಕಂಬಗಳ ಪಕ್ಕ ಹಳ್ಳ ಬಿದ್ದಿರುತ್ತೆ. ಒಂದು ಸ್ಕೀ ತುದಿ ಕಂಬದ ಆ ಕಡೆ ಹೋದ್ರೂ ಮುಗೀತು, ಔಟ್. ಇಂಥ ಕಡೆ ಗೆಲ್ತಾನೇ ಇರೋದು ಅಂದ್ರೆ ಏನು ಯೋಚನೆ ಮಾಡಿ.

2022-23ರ ಸೀಸನ್ನೇ ನೋಡಿ. ಹಿಮ ಸಾಲದೆ ಸ್ವಿಟ್ಜರ್ಲೆಂಡ್-ಇಟಲಿ ಗಡಿಯ ಝೆರ್ಮಾಟ್-ಚೆರ್ವಿನಿಯಾ ರೇಸ್‌ಗಳು ರದ್ದಾಗಿ ಶುರುವೇ ಕೆಟ್ಟಿತ್ತು. ಜನವರಿಯಲ್ಲಿ ಶಿಫ್ರಿನ್ 83ನೇ ವರ್ಲ್ಡ್ ಕಪ್ ಗೆಲುವಿಂದ ಅಮೆರಿಕದವರೇ ಆದ ಲಿಂಡ್ಸೆ ವಾನ್ ಅವರ ಮಹಿಳಾ ದಾಖಲೆ ದಾಟಿದ್ರು, ಮಾರ್ಚ್ 11ಕ್ಕೆ ಸ್ವೀಡನ್ನಿನ ಓರೆಯಲ್ಲಿ 87ನೇದು, 1989ರಿಂದ ಯಾರೂ ಮುಟ್ಟದೇ ಇದ್ದ ಇಂಗೆಮಾರ್ ಸ್ಟೆನ್ಮಾರ್ಕ್ ಅವರ 86ರ ದಾಖಲೆ ಅವರದೇ ದೇಶದಲ್ಲಿ ಮುರೀತು. 2012ರಲ್ಲಿ 17ನೇ ವಯಸ್ಸಿಗೆ ಶಿಫ್ರಿನ್ ಮೊದಲ ವರ್ಲ್ಡ್ ಕಪ್ ರೇಸ್ ಗೆದ್ದಿದ್ದೂ ಅದೇ ಊರಲ್ಲಿ! ಸ್ಟೆನ್ಮಾರ್ಕ್ ಆ 86ನ್ನೂ ಬರೀ ಸ್ಲಾಲಮ್, ಜೈಂಟ್ ಸ್ಲಾಲಮಲ್ಲೇ ಗೆದ್ದವರು, ಅವರ ಮೇಲಿನ ಗೌರವ ನನಗೆ ಒಂದಿಷ್ಟೂ ಕಮ್ಮಿ ಆಗಿಲ್ಲ, ಆದ್ರೆ ಶಿಫ್ರಿನ್ ತಿರುವು ಕಮ್ಮಿ, ವೇಗ ಜಾಸ್ತಿ ಇರೋ ಡೌನ್‌ಹಿಲ್, ಸೂಪರ್-ಜಿ ರೇಸ್‌ಗಳನ್ನ ಕೂಡ ಗೆದ್ದಿದ್ದಾರೆ.

ಗಂಡಸರಲ್ಲಿ ಸ್ವಿಸ್ ಹುಡುಗ ಮಾರ್ಕೋ ಓಡರ್ಮಾಟ್, ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಡೌನ್‌ಹಿಲಲ್ಲಿ ಬೀಳೋದು ಸ್ವಲ್ಪದರಲ್ಲಿ ತಪ್ಪಿ ಮಂಡಿಗೆ ಪೆಟ್ಟಾಯ್ತು, ಶ್ಲಾಡ್ಮಿಂಗ್ ರೇಸ್ ಬಿಟ್ರು, ವಾರದಲ್ಲೇ ಇಟಲಿಯ ಕೋರ್ಟಿನಾಗೆ ಬಂದು ಎರಡು ಸೂಪರ್-ಜಿ ಬೆನ್ನುಬೆನ್ನಿಗೆ ಗೆದ್ರು. ಸೀಸನ್ ಕೊನೆಗೆ ಒಟ್ಟು 2042 ಪಾಯಿಂಟ್, ಒಂದೇ ಸೀಸನ್ನಲ್ಲಿ ಆಸ್ಟ್ರಿಯಾದ ಹರ್ಮನ್ ಮೈಯರ್ ಗಳಿಸಿದ್ದ 2000 ಪಾಯಿಂಟಿನ ದಾಖಲೆನೂ ಹೋಯ್ತು.

ಒಲಿಂಪಿಕ್ ಪದಕ ಸಣ್ಣದು ಅಂತ ನಾನು ಹೇಳ್ತಿಲ್ಲ. ಆದ್ರೆ ಅದೊಂದನ್ನೇ ಹಿಡ್ಕೊಂಡು ಆರು ತಿಂಗಳ ದುಡಿಮೆನ ಪಕ್ಕಕ್ಕಿಡೋದನ್ನ ನಾನು ಒಪ್ಪಲ್ಲ. ಮುಂದಿನ ಸೀಸನಲ್ಲಿ ಒಂದು ಸ್ಲಾಲಮ್ಮಿನ ಎರಡನೇ ರನ್ ಪೂರ್ತಿ ನೋಡಿ, ಆಮೇಲೆ ಮತ್ತೆ ಬರೀರಿ, ಖಂಡಿತ ಹಾಕ್ತೀವಿ.

– ಸಂಪಾದಕ